ಕೊಲೆಗಾರ ಯಾರು ಅಂತ ವೇದಿಕೆ ಮೇಲೇ ಹೇಳಿಬಿಟ್ಟರು

ನೀವು ಕೇಳಿದ್ದು ಮೂರು ಪ್ರಶ್ನೆ. ನನ್ನ ಹಾಗೆ ತಮ್ಮ ಮೊದಲ ಸಸ್ಪೆನ್ಸ್ ಕಾದಂಬರಿ ಬರೆದವರ ಬದುಕು ಹೇಗಿರುತ್ತದೆ, ಬರೆಯುವುದು ಕಷ್ಟವೋ ಅದನ್ನು ಜನರಿಗೆ ಮುಟ್ಟಿಸುವುದು ಕಷ್ಟವೋ, ಕೆಲಸ ಬಿಟ್ಟು ಇದನ್ನೇ ಮಾಡಬಹುದಾ ಅಂತ.

ಕೊನೆಯದಕ್ಕೆ ಮೊದಲು ಉತ್ತರ. ಬಿಡಬೇಡಿ. ನಾನು ಶಿವಮೊಗ್ಗದ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು, ಹಾಗಾಗಿ ಲೆಕ್ಕದಲ್ಲೇ ಹೇಳುತ್ತೇನೆ. ನನ್ನ ಪುಸ್ತಕದ ಬೆಲೆ 250 ರೂಪಾಯಿ. ಮೊದಲ ಮುದ್ರಣ 500 ಪ್ರತಿ. ನನಗೆ ನೂರಕ್ಕೆ ಹತ್ತು, ಅಂದರೆ ಪ್ರತಿಗೆ 25 ರೂಪಾಯಿ. ಐನೂರೂ ಖರ್ಚಾದರೆ 12,500. ಮೂರು ವರ್ಷ ಬೆಳಗ್ಗೆ ನಾಲ್ಕೂವರೆಗೆ ಎದ್ದಿದ್ದಕ್ಕೆ ಬರುವುದು ಹೆಚ್ಚೆಂದರೆ ಅಷ್ಟು. ಪ್ರಕಾಶಕರನ್ನು ಬೈಯುವ ಹಾಗೂ ಇಲ್ಲ. ಅಂಗಡಿಯವರ ಕಮಿಷನ್, ಕಾಗದ, ಮುದ್ರಣ, ಮಾರಾಟವಾಗದೆ ವಾಪಸ್ ಬರುವ ಪ್ರತಿಗಳು ಎಲ್ಲ ಕಳೆದರೆ ಅವರ ಕೈಗೂ ಜಾಸ್ತಿ ಏನೂ ಉಳಿಯುವುದಿಲ್ಲ.

ಈಗ ಬರೆಯುವ ವಿಷಯ. ನಮ್ಮ ಮನೆಯಲ್ಲಿ ಅಮ್ಮ, ವಾರಪತ್ರಿಕೆಗಳಾದ ಸುಧಾ, ತರಂಗದಲ್ಲಿ ಬರುತ್ತಿದ್ದ ಧಾರಾವಾಹಿಗಳ ಹಾಳೆ ಕಿತ್ತು, ದಬ್ಬಣದಲ್ಲಿ ತೂತು ಮಾಡಿ, ದಾರ ಹಾಕಿ ಹೊಲಿದು ಇಡುತ್ತಿದ್ದಳು. ಎಷ್ಟೋ ಹೊಲಿಗೆಯಲ್ಲಿ ಕೊನೆಯ ಕಂತೇ ಇರುತ್ತಿರಲಿಲ್ಲ. ಆ ವಾರದ ಪತ್ರಿಕೆ ಯಾರೋ ಒಯ್ದಿರುತ್ತಿದ್ದರು, ಇಲ್ಲ ಅದರಲ್ಲಿ ಯಾರಿಗೋ ಚಕ್ಕುಲಿ ಕಟ್ಟಿ ಕೊಟ್ಟಿರುತ್ತಿದ್ದರು. ಸಾಗರ ಪೇಟೆಯ ಬಾಡಿಗೆ ಲೈಬ್ರರಿಯಿಂದ ತರುತ್ತಿದ್ದ ಎನ್. ನರಸಿಂಹಯ್ಯ, ಟಿ.ಕೆ. ರಾಮರಾವ್ ಅವರ ಪತ್ತೇದಾರಿ ಪುಸ್ತಕಗಳಿಗೂ ಅದೇ ಗತಿ, ಕೊನೆಯ ಹಾಳೆ ಹರಿದಿರುತ್ತಿತ್ತು. ಕೊಲೆ ಮಾಡಿದವನು ಯಾರು ಅಂತ ಗೊತ್ತಾಗದೆ ಬೆಳೆದವಳು ನಾನು. ಎಷ್ಟೋ ಕಥೆಗಳಿಗೆ ರಾತ್ರಿ ಮಲಗಿ ನಾನೇ ಕೊನೆ ಕಟ್ಟುತ್ತಿದ್ದೆ. ಬರವಣಿಗೆಯ ಕ್ಲಾಸು ಅಂತ ಏನಾದರೂ ಆಗಿದ್ದರೆ ಅದೇ.

ಕಾದಂಬರಿಯ ಜಾಗ ಶರಾವತಿ ಹಿನ್ನೀರು, ತುಮರಿಯ ಕಡೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಆ ಕಡೆಯ ಹಳ್ಳಿಗಳು ಸಾಗರದಿಂದ ತುಂಡಾಗಿ, ಈಚೆ ದಡಕ್ಕೆ ಬರಬೇಕು ಅಂದರೆ ಲಾಂಚು, ಅಂದರೆ ವಾಹನವನ್ನೂ ದಾಟಿಸುವ ದೊಡ್ಡ ದೋಣಿ, ಹತ್ತಬೇಕಿತ್ತು. ಸಂಜೆ ಕೊನೆಯ ಲಾಂಚ್ ಹೋಯಿತು ಅಂದರೆ ಮುಗಿಯಿತು. ಬೇಸಿಗೆ ಕೊನೆಗೆ ನೀರು ತೀರಾ ಇಳಿದರೆ ವಾಹನ ಹತ್ತಿಸುವುದನ್ನೂ ನಿಲ್ಲಿಸುತ್ತಿದ್ದರು. ಕೊಲೆಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಒಂದು ಅಡಿಕೆ ತೋಟದ ಮನೆ, ಒಳಗೆ ಏಳು ಜನ, ಹೊರಗೆ ಕತ್ತಲೆ, ಲಾಂಚ್ ಇಲ್ಲ. ಬರೆದು ಮುಗಿಸಿ ಬೀಗುತ್ತಾ ತುಮರಿಯಲ್ಲೇ ಇರುವ ನಮ್ಮ ಚಿಕ್ಕಪ್ಪನಿಗೆ ಓದಲು ಕೊಟ್ಟೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. "ಅಲ್ವೇ ಮಾರಾಯ್ತಿ, ಲಾಂಚ್ ತಪ್ಪಿದ್ರೆ ನಿಟ್ಟೂರು ಮೇಲೆ ಸುತ್ತಿ ಬರಕ್ಕೆ ಆಗಲ್ವಾ?"

ಆಗುತ್ತದೆ! ದೂರ, ದಾರಿ ಕೆಟ್ಟದು, ಆದರೆ ಆಗುತ್ತದೆ. ಜನ ದ್ವೀಪ ದ್ವೀಪ ಅಂತಾರೆ, ನಾನೂ ಅದೇ ಗುಂಗಿನಲ್ಲಿ ಬರೆದಿದ್ದೆ, ಆದರೆ ಅದಕ್ಕೆ ಹಿಂದಿನಿಂದ ನೆಲದ ದಾರಿ ಇದೆ, ಮತ್ತು ಅದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ದಾರಿ. ಒಂದೂವರೆ ವರ್ಷದ ಕೆಲಸ ಒಂದು ಫೋನಿಗೆ ಬಿದ್ದು ಹೋಯಿತು. ಹದಿನೈದು ದಿನ ಆ ಫೈಲನ್ನೇ ತೆರೆಯಲಿಲ್ಲ. ಆಮೇಲೆ ಆ ನಿಟ್ಟೂರಿನ ದಾರಿಯನ್ನೇ ಹಿಡಿದು ಕಥೆಯನ್ನು ಮತ್ತೆ ಕಟ್ಟಿದೆ. ಹೇಗೆ ಅಂತ ಇಲ್ಲಿ ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಇನ್ನೊಬ್ಬರು ಓದಿದ್ದು ನಿವೃತ್ತ ಪೊಲೀಸ್ ಒಬ್ಬರು. ಅವರು ಹೇಳಿದ್ದು ಒಂದೇ ಮಾತು: "ಮೇಡಂ, ನಿಮ್ಮ ಇನ್‌ಸ್ಪೆಕ್ಟರ್ ಬರೀ ಓಡಾಡ್ತಾನೆ, ಒಂದು ಕಾಗದನೂ ಬರೆಯಲ್ವಲ್ಲ." ನಿಜ. ನೀರಿನಲ್ಲಿ ಹೆಣ ಸಿಕ್ಕಿದ ಕೂಡಲೇ ಯಾರೂ ಕೊಲೆ ಅಂತ ಕೂಗುವುದಿಲ್ಲ. ಅನುಮಾನದ ದೂರು ಇಲ್ಲದಿದ್ದರೆ ಮೊದಲು ಯುಡಿಆರ್, ಅಂದರೆ ಅಸಹಜ ಸಾವು ಅಂತ ದಾಖಲು. ಸ್ಥಳದಲ್ಲೇ ಬರೆಯುವ ಮಹಜರು, ಅದಕ್ಕೆ ಸಾಕ್ಷಿಯಾಗುವ ಪಂಚರು, ಸಹಿ, ಮರಣೋತ್ತರ ಪರೀಕ್ಷೆ. ಮುಳುಗಿ ಸತ್ತದ್ದೋ, ಸಾಯಿಸಿ ನೀರಿಗೆ ಹಾಕಿದ್ದೋ ಅಂತ ನೋಡಲು ಮೂಳೆಯ ಮಜ್ಜೆಯಲ್ಲಿ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ ಇದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಬದುಕಿರುವಾಗ ಮುಳುಗಿದರೆ ಅದು ಉಸಿರಿನ ಜೊತೆ ಎಳೆದುಕೊಂಡ ನೀರಿನಿಂದ ಶ್ವಾಸಕೋಶಕ್ಕೆ, ಅಲ್ಲಿಂದ ರಕ್ತಕ್ಕೆ ಸೇರಿ ಸಾಮಾನ್ಯವಾಗಿ ಮಜ್ಜೆಯವರೆಗೆ ಹೋಗಿರುತ್ತದೆ. ಆ ವರದಿ ಬರುವವರೆಗೆ ಕಾಯಬೇಕು. ಈ ಕಾಯುವಿಕೆ ಸಿನಿಮಾದವರಿಗೆ ಬೋರು, ನನಗೆ ಹಬ್ಬ. ವರದಿ ಬರುವವರೆಗೆ ಉಳಿದ ಆರೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಾ, ಅದೇ ಮನೆಯಲ್ಲಿ, ಅದೇ ಸಾರು ಅನ್ನ ಉಣ್ಣಬೇಕಲ್ಲ!

ಇಷ್ಟಾಗುವಾಗ ಸರ್ಕಾರ ಎರಡು ಸಲ ನನ್ನ ಕಥೆಗೆ ಕೈ ಹಾಕಿತು. 2024ರ ಜುಲೈ 1ಕ್ಕೆ ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆ, ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಎಲ್ಲರ ಬಾಯಲ್ಲೂ ಇದ್ದ ಕೊಲೆಯ ಕಲಂ 302 ಹೋಗಿ 103 ಆಯಿತು. "ನಿನ್ನ ಮೇಲೆ 103 ಹಾಕ್ತೀನಿ" ಅಂದರೆ ಯಾರಿಗಾದರೂ ಎದೆ ನಡುಗುತ್ತಾ? ಆಮೇಲೆ 2025ರ ಜುಲೈ 14ಕ್ಕೆ ಅದೇ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಆ ಕಡೆಯವರು ಅರವತ್ತು ವರ್ಷ ಪಟ್ಟ ಪಾಡಿಗೆ ಬಿಡುಗಡೆ, ನನಗೂ ಕಣ್ಣು ತುಂಬಿ ಬಂತು, ಅದರ ಜೊತೆಗೇ "ಅಯ್ಯೋ ನನ್ನ ಲಾಂಚು" ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಪುಸ್ತಕ ಬರಲು ಇದ್ದದ್ದು ಒಂದೇ ತಿಂಗಳು. ಕಥೆ ಯಾವ ಇಸವಿಯದು ಅಂತ ಹೇಳದೆ ಬಿಡೋಣ ಅಂದುಕೊಂಡಿದ್ದವಳು, ಮೊದಲ ಪುಟದಲ್ಲೇ "2019, ಜೂನ್" ಅಂತ ಹಾಕಿಸಿದೆ. ಲಾಂಚೂ ಉಳಿಯಿತು, 302 ಕೂಡ ಉಳಿಯಿತು.

ಅಚ್ಚಿನ ಗೋಳು ಚುಟುಕಾಗಿ: ನಾನು ಟೈಪ್ ಮಾಡಿದ್ದು ಯೂನಿಕೋಡಿನಲ್ಲಿ, ಪುಟ ಕಟ್ಟುವವರು ಬಳಸುವುದು ಹಳೆಯ ನುಡಿ ಫಾಂಟು. ಬದಲಾಯಿಸುವಾಗ ಅರ್ಕಾವೊತ್ತು ಅಡ್ಡಾದಿಡ್ಡಿ ಆಗಿ ನನ್ನ ಕಥೆಯ ಡಾಕ್ಟರ್ ಆಚಾರ್ಯ ಕೆಲವು ಕಡೆ "ಆಚಾಯರ್" ಆಗಿಬಿಟ್ಟಿದ್ದರು. ಪ್ರೂಫ್ ನೋಡಿದ ನನ್ನ ತಮ್ಮ ಅದು ಇನ್ನೊಬ್ಬ ಆಸಾಮಿ ಅಂದುಕೊಂಡು ಕೊನೆಯವರೆಗೂ ಅವನ ಮೇಲೇ ಅನುಮಾನ ಪಟ್ಟಿದ್ದಾನೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಮುಟ್ಟಿಸುವುದೇ ಕಷ್ಟ, ಆದರೆ ನಾನು ಹೆದರಿದ್ದ ಕಾರಣಕ್ಕಲ್ಲ. ಹೊಸಬಳನ್ನು ಯಾರೂ ಕೇಳುವುದಿಲ್ಲ ಅಂದುಕೊಂಡಿದ್ದೆ. ಕೇಳಿದರು, ಪ್ರೀತಿಯಿಂದಲೇ ಕೇಳಿದರು. ತೊಂದರೆ ಏನಂದರೆ ನಮ್ಮಲ್ಲಿ ಪುಸ್ತಕಕ್ಕೆ ಮಾಡುವ ಮರ್ಯಾದೆಯೆಲ್ಲ ಕಥೆ ಹೇಳಿಬಿಡುವ ಮರ್ಯಾದೆ. ಮುನ್ನುಡಿ ಬರೆಯುವವರು ಇಡೀ ಕಾದಂಬರಿ ಬಿಡಿಸಿ ಹೇಳುತ್ತಾರೆ. ಬೆನ್ನುಡಿಯಲ್ಲಿ ಅದರ ಸಾರ. ಬಿಡುಗಡೆ ದಿನ "ಕೃತಿ ಪರಿಚಯ" ಅಂತ ಅರ್ಧ ಗಂಟೆ. ಕವನ ಸಂಕಲನಕ್ಕೆ, ಸಾಮಾಜಿಕ ಕಾದಂಬರಿಗೆ ಇದರಿಂದ ನಷ್ಟವಿಲ್ಲ. ನನ್ನಂಥ ಪುಸ್ತಕಕ್ಕೆ ಪ್ರಾಣವೇ ಹೋಗುತ್ತದೆ.

ಮುನ್ನುಡಿಯನ್ನು ಹೇಗೋ ಒಪ್ಪಿಸಿ ಹಿಂದಕ್ಕೆ ಹಾಕಿಸಿ, ಹಿನ್ನುಡಿ ಮಾಡಿದೆ. ಬಿಡುಗಡೆ ನನ್ನ ಕೈಯಲ್ಲಿರಲಿಲ್ಲ. ಭಾನುವಾರ ಬೆಳಗ್ಗೆ ಹತ್ತೂವರೆ, ಉಪ್ಪಿಟ್ಟು ಕೇಸರಿಬಾತ್ ಆಯಿತು, ಪ್ರಾರ್ಥನೆ ಆಯಿತು, ಶಾಲು ಹಾರ ಆಯಿತು. ಎದುರಿಗೆ ಐವತ್ತು ಜನ, ಅದರಲ್ಲಿ ಅರ್ಧ ನಮ್ಮ ನೆಂಟರು. ಮುಖ್ಯ ಅತಿಥಿ ನಿವೃತ್ತ ಮೇಷ್ಟ್ರು, ತುಂಬಾ ಓದಿಕೊಂಡವರು, ನನ್ನ ಪುಸ್ತಕವನ್ನೂ ಗೀಟು ಹಾಕಿಕೊಂಡು ಓದಿದ್ದರು. "ದಯವಿಟ್ಟು ಕೊನೆ ಹೇಳಬೇಡಿ ಸಾರ್" ಅಂತ ಚೀಟಿ ಬರೆದು ಮೊದಲೇ ಕೈಗೆ ಕೊಟ್ಟಿದ್ದೆ. ಅವರು ಆ ಚೀಟಿಯನ್ನು ಮೈಕಿನಲ್ಲಿ ಓದಿ, ಎಲ್ಲರನ್ನೂ ನಗಿಸಿ, "ಕೊನೆ ನಾನು ಹೇಳುವುದಿಲ್ಲ" ಅಂತ ಮಾತು ಕೊಟ್ಟು, ಮೂವತ್ತೈದನೇ ನಿಮಿಷಕ್ಕೆ "ಇಷ್ಟು ಸಾತ್ವಿಕಳಾದ ಹೆಂಗಸು ಕೊಲೆಗೆ ಇಳಿಯಬೇಕಾದರೆ ಸಮಾಜ ಅವಳನ್ನು ಎಷ್ಟು ನೋಯಿಸಿರಬೇಕು" ಅಂದರು. ಏಳು ಜನರಲ್ಲಿ ಹೆಂಗಸರು ಇಬ್ಬರು. ಒಬ್ಬಳು ಸತ್ತವಳು.

ಸಭೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ, ಚಪ್ಪಾಳೆ ಹೊಡೆದರು. ನಾನು ವೇದಿಕೆ ಮೇಲೆ ಹಾರ ಹಾಕಿಕೊಂಡು ಕೂತಿದ್ದೆ, ಎದ್ದು ಹೋಗುವ ಹಾಗಿಲ್ಲ, ನಗಬೇಕು. ಆಮೇಲೆ ಮಾರಾಟದ ಮೇಜಿನ ಹತ್ತಿರ ಒಬ್ಬರು ಪುಸ್ತಕ ಎತ್ತಿ ನೋಡಿ, "ಕಥೆ ಗೊತ್ತಾಯ್ತಲ್ಲ" ಅಂತ ವಾಪಸ್ ಇಟ್ಟರು. ಅವರ ಪಕ್ಕದಲ್ಲಿದ್ದ ಟೀಚರ್ ಒಬ್ಬರು, "ಅವಳೇ ಅಂತ ಗೊತ್ತಾಯ್ತು, ಆದರೆ ಆ ರಾತ್ರಿ ಅವಳು ಈಚೆ ದಡದಲ್ಲಿದ್ದಳಂತಲ್ಲ, ಹೆಂಗೆ ಮಾಡಿದ್ಲು?" ಅಂತ ಎರಡು ಪ್ರತಿ ತೆಗೆದುಕೊಂಡರು. ಅಂದು ರಾತ್ರಿ ಮಲಗಿದ ಮೇಲೂ ನನಗೆ ಆ ಟೀಚರ್ ಮಾತೇ ಕೇಳಿಸುತ್ತಿತ್ತು.

ಅಲ್ಲಿಂದ ಮುಂದೆ ಪ್ರಚಾರ ಮಾಡಿದ್ದು ಪೂರ್ತಿ ಬೇರೆ ರೀತಿ. ಯಾರು ಅಂತ ಮುಚ್ಚಿಡಲು ಒದ್ದಾಡುವುದು ಕಡಿಮೆ ಮಾಡಿದೆ. ಮೊದಲ ಅಧ್ಯಾಯದ ಪಿಡಿಎಫ್ ವಾಟ್ಸಾಪಿನಲ್ಲಿ ಬಿಟ್ಟೆ, ಅದು ಲಾಂಚ್ ತಪ್ಪುವಲ್ಲಿಗೆ ನಿಲ್ಲುತ್ತದೆ. ಲಾಂಚು ಹತ್ತುತ್ತಿದ್ದ ಹೊಳೆಬಾಗಿಲಿನ ದಡದಲ್ಲಿ ನಿಂತು ಒಂದು ನಿಮಿಷದ ರೀಲ್ ಮಾಡಿದೆ, ಹಿಂದೆ ಹೊಸ ಸೇತುವೆ ಕಾಣುತ್ತೆ, "2019ರಲ್ಲಿ ಇದು ಇರಲಿಲ್ಲ, ಇದ್ದಿದ್ದರೆ ಒಬ್ಬರು ಬದುಕಿರುತ್ತಿದ್ದರು" ಅಂತ ಅಷ್ಟೇ ಹೇಳಿದೆ. ಮುಖ ಒಣಗಿದ ಹಾಗಿದೆ, ದನಿ ಗಾಳಿಗೆ ಅರ್ಧ ಹಾರಿದೆ, ಆದರೂ ನಾನು ಮಾಡಿದ್ದರಲ್ಲಿ ಪುಸ್ತಕ ಮಾರಿಸಿದ್ದು ಅದೊಂದೇ. ಅಂಗಡಿಗಳಿಗೆ ಹೋಗಿ ಪರಿಚಯ ಮಾಡಿಕೊಂಡಿದ್ದು, ಕಾಲೇಜಿನಲ್ಲಿ ಮಾತಾಡಿದ್ದು, ಪತ್ರಿಕೆಗಳಿಗೆ ಎರಡೆರಡು ಪ್ರತಿ ಕಳಿಸಿದ್ದು, ಎಲ್ಲವೂ ಮಾಡಬೇಕಾದದ್ದೇ, ಫಲ ನಿಧಾನ. ನೆಂಟರಿಗೆ ಮಾತ್ರ ಗಟ್ಟಿಯಾಗಿರಿ. "ನಮಗೊಂದು ಗೌರವ ಪ್ರತಿ ಇಲ್ವಾ" ಅಂತ ಕೇಳುವವರು ನಿಮ್ಮ ಮನೆಗೆ ಬರುವಾಗ ಎರಡು ಕೆಜಿ ಸೇಬು ತಂದಿರುತ್ತಾರೆ, ಪುಸ್ತಕಕ್ಕೆ 250 ಕೊಡುವುದಿಲ್ಲ. ನನಗೆ ಸಿಕ್ಕಿದ್ದ ಇಪ್ಪತ್ತು ಪ್ರತಿ ಒಂದೇ ವಾರದಲ್ಲಿ ಹೀಗೇ ಹೋಯಿತು.

ಒಂದು ತಿಂಗಳೊಳಗೆ ಯಾರೋ ಪುಟಪುಟ ಸ್ಕ್ಯಾನ್ ಮಾಡಿ ಫೋನ್ ಗುಂಪುಗಳಲ್ಲಿ ಹಂಚಿದರು. ಅಳು ಬಂತು. ಬೇಡ ಅಂತ ಕೇಳಿದ್ದಕ್ಕೆ ಒಬ್ಬ ಹುಡುಗ, "ಆಂಟಿ, ಕೊನೆಯ ಎಂಟು ಪುಟ ಮಸುಕಾಗಿದೆ, ಇದ್ದರೆ ಕಳಿಸಿ" ಅಂತ ನನಗೇ ಮೆಸೇಜ್ ಮಾಡಿದ. ಬೈಯಬೇಕು ಅಂತ ಬೆರಳು ಎತ್ತಿದವಳಿಗೆ ಅಮ್ಮನ ಹೊಲಿಗೆ ನೆನಪಾಯಿತು. ಅಂಗಡಿಯ ವಿಳಾಸ ಕಳಿಸಿದೆ. ಕೊಂಡನೋ ಇಲ್ಲವೋ ಗೊತ್ತಿಲ್ಲ.

ಈಗ 340 ಪ್ರತಿ ಹೋಗಿದೆ. ಎರಡನೆಯ ಕಾದಂಬರಿಯಲ್ಲಿ ಅರವತ್ತು ಪುಟ ಆಗಿದೆ, ಮೊದಲ ಅಧ್ಯಾಯದಲ್ಲೇ ಕೊಲೆಗಾರ ಯಾರು ಅಂತ ನಾನೇ ಹೇಳಿಬಿಟ್ಟಿದ್ದೇನೆ. ಮೇಷ್ಟ್ರನ್ನು ಮತ್ತೆ ಕರೆಯಲು ಇನ್ನು ಭಯವಿಲ್ಲ.