ಕೆರೆ ತುಂಬಾ ಕಳೆ ಬೆಳೆದಿದ್ದರೆ ಉಪಗ್ರಹಕ್ಕೆ ಅದು ಕೆರೆ ಅಂತ ಹೇಗೆ ಗೊತ್ತಾಗುತ್ತದೆ?

ಒಂದೇ ಚಿತ್ರದಿಂದ ಗೊತ್ತಾಗುವುದು ಕಷ್ಟ. ಬೇರೆ ಬೇರೆ ತಿಂಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ರೇಡಾರ್ ಚಿತ್ರವನ್ನೂ ನೋಡಬೇಕು.

ತೆರೆದ ನೀರು ಸುಲಭ. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನೀರು ಹೀರಿಕೊಳ್ಳುತ್ತದೆ, ಹಾಗಾಗಿ ಆ ಚಿತ್ರದಲ್ಲಿ ಕೆರೆ ಕಾಡಿಗೆಯಷ್ಟು ಕಪ್ಪು. ಹಸಿರು ಎಲೆ ಅದೇ ಬೆಳಕನ್ನು ಜೋರಾಗಿ ವಾಪಸ್ ಕಳಿಸುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಹಾಗೆ ಮೇಲೆಲ್ಲ ಕಳೆ ಹಬ್ಬಿದರೆ, ಮೇಲಿಂದ ನೋಡಿದವರಿಗೆ ಅದು ಹಸಿರು ಹೊಲ!

ರೇಡಾರ್ ಬೇಕಾಗುವುದು ಇಲ್ಲೇ. ಸೆಂಟಿನೆಲ್-1 ಉಪಗ್ರಹ ಓರೆಯಾಗಿ ರೇಡಿಯೋ ಅಲೆ ಬಿಡುತ್ತದೆ, ಅದಕ್ಕೆ ಮಳೆಗಾಲದ ಮೋಡವೂ ಅಡ್ಡಿಯಲ್ಲ. ನೀರಿನಲ್ಲಿ ಜೊಂಡು ನಿಂತಿದ್ದರೆ ಆ ಅಲೆ ನೀರಿಗೆ ಬಡಿದು, ಅಲ್ಲಿಂದ ಕಾಂಡಕ್ಕೆ ಬಡಿದು ಬಂದ ದಾರಿಯಲ್ಲೇ ಹಿಂತಿರುಗುವುದರಿಂದ, ಎಷ್ಟೋ ಸಲ ಆ ಜಾಗ ಒಣ ಹುಲ್ಲುಗಾವಲಿಗಿಂತ ಜಾಸ್ತಿ ಹೊಳೆಯುತ್ತದೆ. ತೇಲುವ ಕಳೆಗೆ ಈ ಉಪಾಯ ಅಷ್ಟು ನಡೆಯುವುದಿಲ್ಲ. ಕಳೆ ತೆಗೆದಾಗಲೋ ಗಾಳಿಗೆ ಸರಿದಾಗಲೋ ಕಪ್ಪು ನೀರು ಇಣುಕಿದ ಹಳೆಯ ಚಿತ್ರಗಳನ್ನೇ ಹುಡುಕಬೇಕು.

ನನಗೆ ಚಿಂತೆ ಚಿಕ್ಕ ಕಟ್ಟೆಗಳದ್ದು. ಬೆಳಕಿನ ಚಿತ್ರ ತೆಗೆಯುವ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್ ಚೌಕ. ಅರ್ಧ ಎಕರೆ ಕಟ್ಟೆಗೆ ಸುಮಾರು 20 ಚುಕ್ಕಿ ಅಷ್ಟೇ, ಅದರಲ್ಲೂ ಅಂಚಿನವು ಅರ್ಧ ನೀರು, ಅರ್ಧ ದಡ. ಅಂಥವನ್ನು ಏರಿ ಮೇಲೆ ನಿಂತು ಕಣ್ಣಾರೆ ನೋಡಿಯೇ ನಕ್ಷೆಗೆ ಸೇರಿಸಬೇಕು.