ಟಸ್ಕನಿಯ ತೋಟದ ಮನೆಯಲ್ಲಿ ಅಕ್ಟೋಬರ್ ಕೊನೆಯ ವಾರ ಏನು ಮಾಡಬಹುದು?

ಅಪ್ಪ-ಅಮ್ಮನ ಜೊತೆ ಇಟಲಿಯ ವಾಲ್ ದೋರ್ಚಾ ಕಣಿವೆಯ ಅಗ್ರಿಟೂರಿಸ್ಮೊ (ಅತಿಥಿಗಳನ್ನು ಇರಿಸಿಕೊಳ್ಳುವ ತೋಟದ ಮನೆ) ಒಂದರಲ್ಲಿ ವಾರ ಇರುತ್ತೇವೆ, ಎಲ್ಲರೂ ಸಸ್ಯಾಹಾರಿಗಳು, ಊರೂರು ಸುತ್ತುವ ಆಸೆಯಿಲ್ಲ ಎಂದಿದ್ದೀರಿ. ಹಾಗಿದ್ದರೆ ದಿನಕ್ಕೆ ಒಂದೇ ಓಡಾಟ ಇಟ್ಟುಕೊಳ್ಳಿ, ಉಳಿದ ಹೊತ್ತು ತೋಟಕ್ಕೇ ಕೊಡಿ. ಫೋಟೋಗಳಲ್ಲಿ ಕಾಣುವ ಅಲ್ಲಿನ ಹಸಿರು ಗುಡ್ಡಗಳು ಏಪ್ರಿಲ್-ಮೇ ತಿಂಗಳವು. ನೀವು ಹೋದಾಗ ಉತ್ತ ಮಣ್ಣೇ ಕಾಣುತ್ತದೆ. ಆದರೆ ಅದು ಆಲಿವ್ ಕೊಯ್ಲಿನ ಕಾಲ.

ಯಾವ ದಿನ ಕೊಯ್ಲು, ಯಾವ ದಿನ ಫ್ರಾಂತೋಯೊಗೆ, ಅಂದರೆ ಗಾಣಕ್ಕೆ, ಅಂತ ಮನೆಯವರಿಗೆ ಮೊದಲೇ ಮೇಲ್ ಹಾಕಿ ಕೇಳಿ. ಮಳೆ ಬಂದರೆ ಕೊಯ್ಲು ಮುಂದೆ ಹೋಗುತ್ತದೆ, ಒಂದೆರಡು ದಿನ ಖಾಲಿ ಬಿಟ್ಟುಕೊಂಡಿರಿ. ಮರದಡಿ ಬಲೆ ಹಾಸಿ, ಬಾಚಣಿಗೆಯಂಥ ಸಾಧನದಿಂದ ಕೊಂಬೆ ಬಾಚುತ್ತಾರೆ. ಕಾಯಿ ರಾಶಿಯಲ್ಲೇ ಉಳಿದರೆ ಬಿಸಿಯೇರಿ ಹುಳಿಯುತ್ತದೆ, ಅದಕ್ಕೇ ಅದೇ ದಿನ ಇಲ್ಲವೇ ಮರುದಿನ ಗಾಣಕ್ಕೆ ಸಾಗಿಸುವ ಅವಸರ. ಅಲ್ಲಿ ಎಲೆ ತೆಗೆದು, ತೊಳೆದು, ಬೀಜ ಸಮೇತ ಅರೆದು, ಆ ಮುದ್ದೆಯನ್ನು 27 ಡಿಗ್ರಿ ಮೀರದಂತೆ ಕಲಸಿ ಎಣ್ಣೆ ಬೇರ್ಪಡಿಸುತ್ತಾರೆ. 100 ಕಿಲೋ ಕಾಯಿಗೆ ಸುಮಾರು 12-15 ಕಿಲೋ ಎಣ್ಣೆ. ಹೊಸ ಎಣ್ಣೆ ಕಹಿಯಾಗಿ ಗಂಟಲು ಉರಿಸುತ್ತದೆ, ಕೆಟ್ಟಿದೆ ಅಂದುಕೊಳ್ಳಬೇಡಿ, ಒಳ್ಳೆಯ ಎಣ್ಣೆಯ ಗುರುತೇ ಅದು. ಅಲ್ಲಿನ ಬ್ರೆಡ್‌ಗೆ ಉಪ್ಪಿರುವುದಿಲ್ಲ. ಸುಟ್ಟು, ಬೆಳ್ಳುಳ್ಳಿ ಉಜ್ಜಿ, ಎಣ್ಣೆ ಸುರಿದು, ಮೇಲೆ ಉಪ್ಪು ಉದುರಿಸಿಕೊಳ್ಳಿ. ಊರಿಗೆ ತರುವುದಾದರೆ ಗಾಜಿನ ಬಾಟಲಿ ಬೇಡ, ತಗಡಿನ ಡಬ್ಬಿ ಕೊಂಡು ಚೆಕ್-ಇನ್ ಲಗೇಜಿಗೆ ಹಾಕಿ.

ಅಡುಗೆ ಪಾಠವಿದ್ದರೆ 'ಪಿಚಿ' (ಕೈಯಲ್ಲಿ ಹೊಸೆದ ದಪ್ಪ ಪಾಸ್ಟಾ) ಕಲಿಸಿ ಅನ್ನಿ. ಸಾಮಾನ್ಯವಾಗಿ ಇದಕ್ಕೆ ಮೊಟ್ಟೆ ಹಾಕುವುದಿಲ್ಲ, ಆದರೂ ಕೇಳಿ. ನಾಲ್ವರಿಗೆ 400 ಗ್ರಾಂ ಮೈದಾ, 200 ಮಿಲಿ ನೀರು, ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು. ಚೆನ್ನಾಗಿ ನಾದಿ ಅರ್ಧ ಗಂಟೆ ಮುಚ್ಚಿಡಿ. ದಪ್ಪಗೆ ಲಟ್ಟಿಸಿ, ಪಟ್ಟಿ ಕತ್ತರಿಸಿ, ಬತ್ತಿ ಹೊಸೆದ ಹಾಗೆ ಅಂಗೈಯಲ್ಲಿ ಹಲಗೆಯ ಮೇಲೆ ಹೊಸೆಯಬೇಕು. ಹಲಗೆಗೆ ಹಿಟ್ಟು ಉದುರಿಸಿದರೆ ಎಳೆ ಜಾರುತ್ತದೆ, ಹೊಸೆಯಲು ಬಾರದು. ಹೊಸೆದಾದ ಮೇಲೆ ಅಂಟದಿರಲು ಸಣ್ಣ ರವೆ ಸಾಕು. ಅಮ್ಮಂದಿರಿಗೆ ಇದು ಐದು ನಿಮಿಷದಲ್ಲಿ ಕೈಗೆ ಹತ್ತುತ್ತದೆ, ಬತ್ತಿ ಹೊಸೆದು ಗೊತ್ತಿರುವ ಕೈಯಲ್ಲವೇ!

ಊಟದಲ್ಲಿ 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಸಾಲದು. ಸೂಪಿಗೆ ಮಾಂಸದ ಸಾರು (ಬ್ರೋದೊ), ಹಿಟ್ಟಿಗೆ ಹಂದಿ ಕೊಬ್ಬು (ಸ್ಟ್ರುತ್ತೊ) ಬಿದ್ದಿರಬಹುದು, ಎರಡನ್ನೂ ಹೆಸರು ಹಿಡಿದು ಕೇಳಿ. ಪಿಯೆನ್ಜಾ ಊರಿನ ಪೆಕೊರಿನೊ ಚೀಸ್ ಪ್ರಸಿದ್ಧ, ಆದರೆ ಹೆಚ್ಚಿನವಕ್ಕೆ ಹಾಲು ಒಡೆಸಲು ಕರು-ಕುರಿಮರಿಯ ಹೊಟ್ಟೆಯ ರೆನೆಟ್ ಬಳಸುತ್ತಾರೆ. 'ಕಾಲ್ಯೊ ವೆಜೆಟಾಲೆ' (ಸಸ್ಯಮೂಲದ ರೆನೆಟ್) ಎಂದಿರುವುದನ್ನು ಕೊಳ್ಳಿ. ಪಾರ್ಮಿಜಾನೊ ಚೀಸಿನಲ್ಲಂತೂ ಕರುವಿನ ರೆನೆಟ್ಟೇ, ಅದಕ್ಕೆ ಬೇರೆ ಬಗೆಯಿಲ್ಲ.

ನಡಿಗೆಗೆ ಮಂಗಳವಾರ, ಶುಕ್ರವಾರ ಒಳ್ಳೆಯದು. ಅದು ಬೇಟೆಯ ಕಾಲ, ಈ ಎರಡು ದಿನ ಇಟಲಿಯಲ್ಲಿ ಬೇಟೆಗೆ ನಿಷೇಧವಿದೆ. ಬೇರೆ ದಿನ ಹೋದರೆ ಕಾಡಂಚು ಬಿಡಿ, ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿ. ತಿಂಗಳ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ಐದೂ ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ.

ಬಿಸಿನೀರ ಬುಗ್ಗೆಯಲ್ಲಿ ಮೀಯಲು ಬಾನ್ಯಿ ಸಾನ್ ಫಿಲಿಪ್ಪೊಗೆ ಹೋಗಿ. ಕಾಡಿನೊಳಗೆ ಸುಣ್ಣದ ಬೆಳ್ಳನೆ ಬಂಡೆ, ಪುಕ್ಕಟೆ. ಗಂಧಕದ ನೀರು, ಅಮ್ಮನ ಕಾಲುಂಗುರ ಕಪ್ಪಾದೀತು, ತೆಗೆದಿಟ್ಟು ಇಳಿಯಲಿ. ದಾರಿ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಬೇಕು. ಬಾನ್ಯೊ ವಿನ್ಯೋನಿ ಎಂಬ ಊರಿನ ಚೌಕದ ನಡುವಿನ ಕೊಳದಲ್ಲಿ ಮಾತ್ರ ಇಳಿಯುವಂತಿಲ್ಲ.

ಕಾರು ಬೇಕೇ ಬೇಕು, ಭಾನುವಾರ ಬಸ್ಸನ್ನು ನಂಬುವ ಹಾಗಿಲ್ಲ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅನ್ನು ಇಲ್ಲಿನ ಆರ್‌ಟಿಓದಲ್ಲೇ ಮಾಡಿಸಿಕೊಳ್ಳಿ. ಆಟೊಮ್ಯಾಟಿಕ್ ಬೇಕಿದ್ದರೆ ಈಗಲೇ ಬುಕ್ ಮಾಡಿ. ಹಳೆಯ ಊರುಗಳ ಬಾಗಿಲಲ್ಲಿ ಹೊರಗಿನ ವಾಹನಗಳಿಗೆ ಪ್ರವೇಶವಿಲ್ಲ ಎನ್ನುವ ಕೆಂಪು ವೃತ್ತದ 'ಜಡ್‌ಟಿಎಲ್' ಫಲಕ ಕಂಡರೆ ಒಳಗೆ ಹೋಗಬೇಡಿ. ಕ್ಯಾಮೆರಾ ಇರುತ್ತದೆ, ದಂಡ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ, ಬಾಡಿಗೆ ಕಂಪನಿಯ ಶುಲ್ಕ ಬೇರೆ. ಹೊರಗೇ ನಿಲ್ಲಿಸಿ: ಬಿಳಿ ಗೆರೆಯಿದ್ದಲ್ಲಿ ಪುಕ್ಕಟೆ, ನೀಲಿಗೆ ದುಡ್ಡು, ಹಳದಿ ನಿಮಗಲ್ಲ.