ಆ ಕಡೆ ಇರೋದು ಯಾವ ಸಿಸ್ಟಮ್?

ಪ್ರಶ್ನೆ: ಸರ್, ಇಲ್ಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ದಿನಾ ಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಫೈಲ್ ಸಾಗಿಸುವ ವಿಧಾನ) ಸರ್ವರ್‌ನಿಂದ ತೂಕದ ಪಟ್ಟಿ ಇಳಿಸುತ್ತದೆ. ಹೋದ ವಾರ ಸರ್ವರ್ ಬದಲಾಯಿತು, ಈಗ ಫೈಲ್ ಹೆಸರಿನ ಜಾಗದಲ್ಲಿ ಏನೇನೋ ಬರ್ತಿದೆ. ಆ ಕಡೆ ಯುನಿಕ್ಸಾ, ವಿಂಡೋಸಾ ಅಂತ ಕೋಡ್‌ನಲ್ಲೇ ತಿಳಿಯಬಹುದಾ?
– ಓದುಗರು, ಚಿಕ್ಕಮಗಳೂರು

ಉತ್ತರ: ಕೇಳಬಹುದು, ಆದರೆ ಪೂರ್ತಿ ನಂಬಬೇಡಿ. ಎಫ್‌ಟಿಪಿಯಲ್ಲಿ ‘ಸಿಸ್ಟ್’ ಅಂತ ಒಂದು ಕಮ್ಯಾಂಡ್ ಇದೆ, ಎಫ್‌ಟಿಪಿಯ ನಿಯಮ ಹೇಳುವ ದಾಖಲೆಯಾದ 1985ರ ಆರ್‌ಎಫ್‌ಸಿ 959ರಲ್ಲೇ ಇತ್ತು. ಎಸ್, ವೈ, ಎಸ್, ಟಿ, ನಾಲ್ಕೇ ಅಕ್ಷರ. ಲಾಗಿನ್ ಆದಮೇಲೆ ಪೈಥಾನ್‌ನ ಎಫ್‌ಟಿಪಿ ಲೈಬ್ರರಿಯಾದ ಎಫ್‌ಟಿಪಿಲಿಬ್‌ನ ಸೆಂಡ್‌ಸಿಎಂಡಿ ಮೂಲಕ ಇದನ್ನು ಕಳಿಸಿದರೆ 215ರಿಂದ ಶುರುವಾಗುವ ಒಂದು ಸಾಲು ಬರುತ್ತದೆ, ಅದರಲ್ಲಿ ‘ಯುನಿಕ್ಸ್ ಟೈಪ್: ಎಲ್8’ ಅಂತಲೋ ‘ವಿಂಡೋಸ್_ಎನ್‌ಟಿ’ ಅಂತಲೋ ಇರುತ್ತದೆ. ಕೆಲವು ಸರ್ವರ್‌ಗಳು 500ರ ಸರಣಿಯ ತಪ್ಪಿನ ಕೋಡ್ ಕೊಟ್ಟು ಕೈ ಎತ್ತಿಬಿಡುತ್ತವೆ, ಆಗ ಪ್ರೋಗ್ರಾಂ ನಿಲ್ಲದಂತೆ ಟ್ರೈ-ಎಕ್ಸೆಪ್ಟ್ ಹಾಕಿಡಿ.

ತಕರಾರು ಇರೋದು ಇನ್ನೊಂದು ಕಡೆ. ಫೈಲ್‌ಜಿಲ್ಲಾ ಸರ್ವರ್ ವಿಂಡೋಸ್ ಮೇಲೆ ಓಡುತ್ತಿದ್ದರೂ ಯುನಿಕ್ಸ್ ಅಂತ ಹೇಳಿಕೊಳ್ಳುತ್ತದೆ. ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್ ಇದಕ್ಕೆ ಉಲ್ಟಾ, ವಿಂಡೋಸ್ ಅಂತ ಹೇಳುತ್ತದೆ, ಆದರೆ ಸೆಟ್ಟಿಂಗ್ ಬದಲಿಸಿದ್ದರೆ ಫೈಲ್‌ಗಳ ಪಟ್ಟಿ ಮಾತ್ರ ಯುನಿಕ್ಸ್ ಥರ ಬರುತ್ತದೆ. ಚೀಲದ ಮೇಲಿನ ಚೀಟಿ ನೋಡಿ ಅರೇಬಿಕಾ ಅಂತ ತೀರ್ಮಾನ ಮಾಡೋಕಾಗಲ್ಲ ಅಲ್ವಾ, ಬಿಚ್ಚಿ ಬೀಜ ನೋಡಬೇಕು.

ನಿಜ ಹೇಳಬೇಕೆಂದರೆ ನಿಮಗೆ ಬೇಕಾಗಿರೋದು ಸಿಸ್ಟಮ್ ಹೆಸರಲ್ಲ, ಫೈಲ್ ಹೆಸರು. ‘ಲಿಸ್ಟ್’ ಕಮ್ಯಾಂಡ್ ಕೊಡುವ ಫೈಲ್ ಪಟ್ಟಿಯ ರೂಪ ಸರ್ವರ್‌ನಿಂದ ಸರ್ವರ್‌ಗೆ ಬೇರೆ, ಅದರ ಸಾಲನ್ನು ಸುಮ್ನೆ ಸ್ಪೇಸ್ ನೋಡಿ ಕತ್ತರಿಸುವುದನ್ನು ಬಿಟ್ಟು, ಎಂಎಲ್‌ಎಸ್‌ಡಿ ಕಮ್ಯಾಂಡ್ ಬಳಸಿ. 2007ರ ಆರ್‌ಎಫ್‌ಸಿ 3659ರದ್ದು, ಯಾವ ಸಿಸ್ಟಮ್ ಇದ್ದರೂ ಒಂದೇ ರೂಪದಲ್ಲಿ ಹೆಸರು, ಗಾತ್ರ, ದಿನಾಂಕ ಕೊಡುತ್ತದೆ. ಆ ಸರ್ವರ್‌ಗೆ ಅದು ಬರದಿದ್ದರೆ ಎನ್‌ಎಲ್‌ಎಸ್‌ಟಿ ಕಮ್ಯಾಂಡ್ ಬಳಸಿ, ಬರೀ ಹೆಸರು ಸಿಗುತ್ತದೆ, ನಿಮ್ಮ ಕೆಲಸಕ್ಕೆ ಅಷ್ಟು ಸಾಕು.